ಮಹಾವೀರಾಚಾರ್ಯರ ಹನ್ನೊಂದಂಕಿಯ ಹಾರ

ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 850ರ ಆಸುಪಾಸಿನಲ್ಲಿ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದರು. ಅದರ ಗುಣಾಕಾರದ ಭಾಗದಲ್ಲಿ ಒಂದು ಲೆಕ್ಕವಿದೆ: 27994681 ಅನ್ನು 441ರಿಂದ ಗುಣಿಸಬೇಕು. ಮೇಲುನೋಟಕ್ಕೆ ಬರೀ ಬೆವರಿಳಿಸುವ ಲೆಕ್ಕ. ಉತ್ತರ ಬಂದಾಗ ಮಾತ್ರ ಕಣ್ಣರಳುತ್ತದೆ: 12345654321. ಒಂದರಿಂದ ಆರಕ್ಕೆ ಏರಿ, ಅಷ್ಟೇ ಕ್ರಮವಾಗಿ ಒಂದಕ್ಕೆ ಇಳಿಯುವ ಸಂಖ್ಯೆ. ಇಂಥ ಗುಣಲಬ್ಧಗಳನ್ನು ಅವರು ಕೊರಳ ಹಾರಕ್ಕೆ ಹೋಲಿಸಿದರು. ಗುಣಾಕಾರದಲ್ಲಿ ಎಲ್ಲೋ ಒಂದು ಅಂಕಿ ತಪ್ಪಿದರೂ ಹಾರ ಕೆಡುತ್ತದೆ. ಉತ್ತರ ಸರಿಯೇ ಎಂದು ಕಲಿಯುವವನು ಯಾರನ್ನೂ ಕೇಳಬೇಕಿಲ್ಲ. ನಮ್ಮ ಶಾಲೆಯ ಪುಸ್ತಕಗಳಲ್ಲೂ ಇಂಥ ಲೆಕ್ಕಗಳಿರಬೇಕು ಎಂಬುದು ನನ್ನ ಆಸೆ.

ಈ ಸಂಖ್ಯೆ 111111ರ ವರ್ಗ. 111111 ಅನ್ನು ಅದರಿಂದಲೇ ಗುಣಿಸುವಾಗ ಆರು ಸಾಲು ಬರೆಯುತ್ತೇವೆ, ಪ್ರತಿ ಸಾಲೂ ಒಂದೊಂದು ಸ್ಥಾನ ಎಡಕ್ಕೆ ಸರಿಯುತ್ತದೆ. ಬಲತುದಿಯ ಕಂಬದಲ್ಲಿ ಒಂದೇ ಒಂದು, ಪಕ್ಕದಲ್ಲಿ ಎರಡು, ನಡುವೆ ಆರು, ಮತ್ತೆ ಇಳಿತ. ಎಲ್ಲೂ ದಶಕ ಬರುವುದಿಲ್ಲವಾದ್ದರಿಂದ ಏರಿಳಿತ ಹಾಗೇ ಉಳಿಯುತ್ತದೆ. ಒಂಬತ್ತು ಒಂದುಗಳವರೆಗೂ ಇದು ನಡೆಯುತ್ತದೆ. ಹತ್ತಾದಾಗ ನಡುಗಂಬದಲ್ಲಿ ದಶಕ ಹುಟ್ಟಿ 1234567900987654321 ಆಗುತ್ತದೆ.

ಹಾಗಾದರೆ 441 ಎಲ್ಲಿಂದ ಬಂತು? 111111 ಎಂದರೆ 3×7×11×13×37. ಮೊದಲೆರಡರ ಗುಣಲಬ್ಧ 21, ಅದರ ವರ್ಗ 441. ಉಳಿದ ಮೂರರ ಗುಣಲಬ್ಧ 5291, ಅದರ ವರ್ಗ 27994681. ಹಾರವನ್ನು ಎರಡು ವರ್ಗಗಳಾಗಿ ಬಿಡಿಸಿಟ್ಟಿದ್ದಾರೆ! ಉತ್ತರವನ್ನು ಮೊದಲು ಕೈಯಲ್ಲಿ ಹಿಡಿದು ಹಿಂದಕ್ಕೆ ನಡೆದವರಿಗಷ್ಟೇ ಇಂಥ ಲೆಕ್ಕ ಸಿಕ್ಕೀತು ಎಂದು ನನಗನ್ನಿಸುತ್ತದೆ.

ಹಿಂದುಮುಂದಾಗಿ ಓದಿದರೂ ಒಂದೇ, ಪೂರ್ಣವರ್ಗ, ಬೆಸಸಂಖ್ಯೆ: ಇಷ್ಟು ಕಣ್ಣಿಗೆ ಬೀಳುತ್ತದೆ. ಭಾಜಕಗಳನ್ನು ಎಣಿಸಿದರೆ ಇನ್ನೊಂದು ಗುಣ ಹೊರಬೀಳುತ್ತದೆ. ಐದು ಅವಿಭಾಜ್ಯಗಳೂ ಎರಡೆರಡು ಸಲ ಇರುವುದರಿಂದ ಒಟ್ಟು 243 ಭಾಜಕಗಳು. ತನ್ನನ್ನು ಬಿಟ್ಟು ಉಳಿದವನ್ನೆಲ್ಲ ಕೂಡಿದರೆ 13029870672, ಸಂಖ್ಯೆಗಿಂತಲೇ ಹೆಚ್ಚು. ಸಮಸಂಖ್ಯೆಗಳಲ್ಲಿ ಇದು ಹೊಸದಲ್ಲ, 12ರಲ್ಲೇ ಕಾಣಬಹುದು. ಬೆಸಸಂಖ್ಯೆಗಳಲ್ಲಿ ಮಾತ್ರ ಅಪರೂಪ; ಹಾಗಾಗುವ ಮೊದಲ ಬೆಸಸಂಖ್ಯೆಯೇ 945. ನಮ್ಮ ಹಾರವೂ ಆ ಗುಂಪಿಗೆ ಸೇರಿದೆ. 37 ಅನ್ನು ಬದಿಗಿಟ್ಟು 3, 7, 11, 13ರ ವರ್ಗಗಳನ್ನಷ್ಟೇ ಗುಣಿಸಿದರೆ 9018009. ಅದನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ 9017190, ಅಂದರೆ 819 ಕಡಿಮೆ. 37ರ ವರ್ಗ ಬಂದು ಸೇರಿದೊಡನೆ ಆ ಕೊರತೆ ನೀಗಿ, 68 ಕೋಟಿಗೂ ಮಿಕ್ಕಿ ಉಳಿಯುತ್ತದೆ.