ಏನೂ ಆಗದಿದ್ದರೆ ತಪ್ಪಲ್ಲವೇ?



ಬ್ರೇಕ್ ಪರೀಕ್ಷಿಸದೆ ಸಂಪಾಜೆ ಘಾಟಿ ಇಳಿದ ಜೀಪಿನ ಚಾಲಕ ಕ್ಷೇಮವಾಗಿ ಸುಳ್ಯ ತಲುಪಿದನೆನ್ನಿ. ಏನೂ ಆಗಲಿಲ್ಲವೆಂದು ಅವನನ್ನು ನಿರ್ದೋಷಿ ಎನ್ನಬಹುದೇ? ಆಸ್ಪತ್ರೆಯ ಐ.ಸಿ.ಯು.ನಲ್ಲೂ ಇದೇ ಪ್ರಶ್ನೆ ಏಳುತ್ತದೆ.

ಕಾಯಿಲೆ ಬಿಗಡಾಯಿಸಿದಾಗ ಕೊಡಗಿನ ನಾವು ರೋಗಿಯನ್ನು ಮಡಿಕೇರಿಗೋ ಮೈಸೂರಿಗೋ ಮಂಗಳೂರಿಗೋ ಕರೆದೊಯ್ಯುತ್ತೇವೆ. ಅಲ್ಲಿ ಕುತ್ತಿಗೆಯ ಅಥವಾ ಎದೆಯ ದೊಡ್ಡ ರಕ್ತನಾಳಕ್ಕೆ 'ಸೆಂಟ್ರಲ್ ಲೈನ್' ಎಂಬ ಕೊಳವೆ ಹಾಕುವುದುಂಟು. ಜೀವ ಉಳಿಸುವ ಔಷಧಿ ಹೋಗುವ ಆ ದಾರಿಯಲ್ಲೇ, ಎಚ್ಚರ ತಪ್ಪಿದರೆ, ರೋಗಾಣುವೂ ರಕ್ತ ಸೇರುತ್ತದೆ. ಭಾರತದ 26 ಆಸ್ಪತ್ರೆಗಳ ಕುರಿತು 2022ರಲ್ಲಿ ಪ್ರಕಟವಾದ ಅಧ್ಯಯನದಂತೆ, ರೋಗಿಗಳಿಗೆ ಲೈನ್ ಇದ್ದ ಪ್ರತಿ 1000 ದಿನಗಳಿಗೆ ಸುಮಾರು 9 ಸೋಂಕುಗಳು ಕಂಡುಬಂದವು.

ತಡೆಯುವ ದಾರಿ ಗುಟ್ಟೇನಲ್ಲ. 2001ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ವೈದ್ಯ ಪೀಟರ್ ಪ್ರೊನೊವೊಸ್ಟ್ ಒಂದು ಪಟ್ಟಿ ಮಾಡಿದರು: ಕೈ ತೊಳೆಯುವುದು, ಚರ್ಮವನ್ನು ಔಷಧಿಯಿಂದ ಶುಚಿಗೊಳಿಸುವುದು, ರೋಗಿಯ ಮೈಗೆ ಶುದ್ಧ ಹೊದಿಕೆ ಹಾಕುವುದು, ಮಾಸ್ಕ್, ಗೌನು, ಗ್ಲೌಸು ತೊಡುವುದು. ಎಲ್ಲರಿಗೂ ತಿಳಿದದ್ದೇ. ಆದರೂ ದಾದಿಯರು ಗಮನಿಸಿ ನೋಡಿದಾಗ, ಮೂರನೇ ಒಂದು ಭಾಗಕ್ಕಿಂತ ಹೆಚ್ಚು ರೋಗಿಗಳ ವಿಷಯದಲ್ಲಿ ಒಂದಲ್ಲ ಒಂದು ಕ್ರಮ ಬಿಟ್ಟುಹೋಗಿತ್ತು! ಆಗ ದಾದಿಯರಿಗೆ ವೈದ್ಯರನ್ನೇ ತಡೆಯುವ ಅಧಿಕಾರ ಕೊಡಲಾಯಿತು. ಮುಂದೆ ಮಿಶಿಗನ್ ರಾಜ್ಯದ ನೂರಕ್ಕೂ ಹೆಚ್ಚು ಐ.ಸಿ.ಯು.ಗಳು ಇಂಥದೇ ಪಟ್ಟಿಯನ್ನು ಪಾಲಿಸಿದವು. ಬೇಡವಾದ ಲೈನನ್ನು ಕೂಡಲೇ ತೆಗೆಯುವ ನಿಯಮವೂ ಅದರಲ್ಲಿತ್ತು. 18 ತಿಂಗಳಲ್ಲಿ ಸೋಂಕು ಶೇ. 66ರಷ್ಟು ಇಳಿಯಿತೆಂದು 2006ರಲ್ಲಿ ವರದಿಯಾಯಿತು.

ಅವಸರದಲ್ಲಿ ಕೈ ತೊಳೆಯದವರ ಮನಸ್ಸಿನಲ್ಲಿ ಕೇಡಿರುವುದಿಲ್ಲ. ಹತ್ತು ರೋಗಿಗಳಿಗೆ ಏನೂ ಆಗದಿರಬಹುದು. ಹನ್ನೊಂದನೆಯವರಿಗೆ ಕೆಲವು ದಿನಗಳ ಮೇಲೆ ಜ್ವರ ಬರುತ್ತದೆ. ಯಾರ ಕೈಯಿಂದ ಎಂಬುದು ಯಾರಿಗೂ ತಿಳಿಯದು. ಹಾಗಾದರೆ ತಪ್ಪು ನಡೆದದ್ದು ಹನ್ನೊಂದನೆಯ ಸಲ ಮಾತ್ರವೇ? ಅಲ್ಲ, ಪ್ರತಿ ಸಲವೂ. ನಂಬಿ ಮಲಗಿದ ಹನ್ನೊಂದು ಮಂದಿಯನ್ನೂ ಅಪಾಯಕ್ಕೊಡ್ಡಿದ್ದಾಯಿತು. ಹತ್ತು ಮಂದಿ ಉಳಿದದ್ದು ಅದೃಷ್ಟದಿಂದ. ಪಾಪನಿವೇದನೆಯಲ್ಲಿ ಕರ್ತವ್ಯಲೋಪವನ್ನೂ ನಾವು ಹೆಸರಿಸುವುದು ಇದಕ್ಕೇ. ಮನಸ್ಸಾಕ್ಷಿ ಫಲಿತಾಂಶಕ್ಕಾಗಿ ಕಾಯಬಾರದು.

ನಮ್ಮ ಮನೆಗಳ ಎಷ್ಟೋ ಹೆಣ್ಣುಮಕ್ಕಳು ದಾದಿಯರು. ತಾಯಂದಿರೇ, ತಂಗಿಯರೇ, ಹಿರಿಯ ವೈದ್ಯರಿಗೆ "ಸರ್, ಕೈ ತೊಳೆಯಲಿಲ್ಲ" ಎನ್ನಲು ಅಂಜಿಕೆಯಾಗುವುದು ಸಹಜ. ಆದರೆ ಆ ಒಂದು ಮಾತು ಉದ್ಧಟತನವಲ್ಲ, ಮಾತನಾಡಲಾಗದ ರೋಗಿಯ ಪರವಾದ ಸೇವೆ. ವೈದ್ಯ ಬಂಧುಗಳೇ, ತಿದ್ದಿಸಿಕೊಳ್ಳುವುದು ಅವಮಾನವಲ್ಲ.

ಇನ್ನು ನಾವು? ರೋಗಿಯನ್ನು ನೋಡಲು ಹಿಂಡಾಗಿ ನುಗ್ಗದಿರೋಣ. ಕೈ ತೊಳೆದು ಒಳಗೆ ಹೋಗೋಣ. ಕೊಳವೆಯನ್ನು ಮುಟ್ಟದಿರೋಣ. "ಸಿಸ್ಟರ್, ಈ ಲೈನ್ ಇನ್ನೂ ಬೇಕೇ?" ಎಂದು ದಿನವೂ ವಿನಯದಿಂದ ಕೇಳೋಣ. ಪ್ರೀತಿಸುವವರು ಕೇಳಲು ನಾಚುವುದಿಲ್ಲ.