ಗುಟ್ಟು ಕಾಯುವವರು

ಒಬ್ಬರು ನಂಬಿ ಹೇಳಿದ ಮಾತನ್ನು ಇನ್ನೊಬ್ಬರ ಕಿವಿಗೆ ಹಾಕದಿರುವುದು ದೊಡ್ಡ ಗುಣವೆಂದು ನಾವೆಲ್ಲ ತಿಳಿದುಕೊಂಡು ಬಂದಿದ್ದೇವೆ. ‘ಅವಳಿಗೆ ಹೇಳಿದ್ದು ಅವಳ ಹೊಟ್ಟೆಯಲ್ಲೇ ಇರುತ್ತದೆ’ ಎಂದರೆ ಹೆಂಗಸರ ನಡುವೆ ಅದು ಸಣ್ಣ ಹೊಗಳಿಕೆಯಲ್ಲ. ಆದರೆ ಗುಟ್ಟು ಹೇಳಿದವಳು ಇನ್ನೂ ಶಾಲೆಗೆ ಹೋಗುವ ಹುಡುಗಿ, ಕೇಳಿಸಿಕೊಂಡವರು ತಲೆ ನರೆತವರು ಎಂದಾದರೆ? ಆಗಲೂ ಸುಮ್ಮನಿರುವುದು ಗುಣವೇ? ಈ ಪ್ರಶ್ನೆಯನ್ನು ನನ್ನಲ್ಲಿ ಎಬ್ಬಿಸಿದವಳು ಹತ್ತನೆಯ ತರಗತಿಯ ಒಬ್ಬ ವಿದ್ಯಾರ್ಥಿನಿ. ನೆಪವಾದದ್ದು ಶೇಕ್ಸ್‌ಪಿಯರನ ರೋಮಿಯೋ–ಜೂಲಿಯೆಟ್.

ಕಾರ್ಕಳದ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಕಲಿಸುವ ನನಗೆ ಪಾಠ ಬೇಗ ಮುಗಿದ ದಿನ ಮಕ್ಕಳಿಗೆ ಕಥೆ ಹೇಳುವ ಅಭ್ಯಾಸ. ಆ ಸಲ ಕಥೆ ಮುಗಿಸಿ, ‘ಇದರಲ್ಲಿ ತಪ್ಪು ಯಾರದು? ಒಂದು ಪುಟ ಬರೆಯಿರಿ’ ಎಂದೆ. ಹೆಚ್ಚಿನವರು ವಿಧಿಯನ್ನು ದೂರಿದರು, ಕೆಲವರು ಎರಡು ಮನೆತನಗಳ ಹಗೆಯನ್ನು. ಹುಡುಗರಲ್ಲಿ ಇಬ್ಬರು ‘ಓದುವ ಪ್ರಾಯದಲ್ಲಿ ಇದೆಲ್ಲ ಬೇಕಿತ್ತಾ’ ಎಂದು ತೀರ್ಪನ್ನೇ ಕೊಟ್ಟರು. ಕಾಪುವಿನಿಂದ ಬಂದು ಅಜ್ಜಿಮನೆಯಲ್ಲಿದ್ದು ಓದುತ್ತಿದ್ದ ಹುಡುಗಿಯೊಬ್ಬಳು ಮಾತ್ರ ಲೆಕ್ಕ ಹಾಕಿದ್ದಳು: ‘ವಿಷಯ ಗೊತ್ತಿದ್ದ ದೊಡ್ಡವರು ಇಬ್ಬರು. ಇಬ್ಬರಿಗೂ ಜೂಲಿಯೆಟಿನ ಮೇಲೆ ಪ್ರೀತಿ ಇತ್ತು. ಆದರೆ ಹೇಳಬೇಕಾದವರ ಹತ್ತಿರ ಹೇಳಿದ್ದು ಅವಳು ಸತ್ತ ಮೇಲೆ.’

ಹೌದಲ್ಲ! ಜೂಲಿಯೆಟಿಗೆ ಹದಿನಾಲ್ಕು ತುಂಬಲು ಇನ್ನೂ ಎರಡು ವಾರವಿದೆ. ಭಾನುವಾರ ರಾತ್ರಿ ಪರಸ್ಪರ ಕಂಡವರು ಸೋಮವಾರ ಮದುವೆಯಾಗುತ್ತಾರೆ. ಗುರುವಾರ ಬೆಳಕು ಹರಿಯುವುದರೊಳಗೆ ಇಬ್ಬರೂ ಇಲ್ಲ. ಹುಡುಗಿಯನ್ನು ಎತ್ತಿ ಆಡಿಸಿ ಬೆಳೆಸಿದ ದಾದಿಗೆ ಎಲ್ಲವೂ ಗೊತ್ತು. ಅತ್ತಿತ್ತ ಸುದ್ದಿ ಒಯ್ದವಳೂ ಅವಳೇ. ತಂದೆ ಪ್ಯಾರಿಸನೊಡನೆ ಮದುವೆ ನಿಶ್ಚಯಿಸಿದಾಗ, ಆದದ್ದನ್ನು ಮರೆತು ಈ ಹೊಸ ಗಂಡನನ್ನೇ ಒಪ್ಪಿಕೋ ಎಂದು ಬುದ್ಧಿ ಹೇಳುವವಳೂ ಅವಳೇ. ಇನ್ನೊಬ್ಬರು ಪಾದ್ರಿ ಲಾರೆನ್ಸ್. ಈ ಮದುವೆಯಿಂದ ಎರಡು ಮನೆಗಳ ಜಗಳ ನಿಂತೀತೆಂಬ ಆಸೆ ಅವರದು. ಆಸೆ ಒಳ್ಳೆಯದೇ. ಆದರೆ ಅದನ್ನು ಮನೆಯವರ ಮುಂದೆ ಇಡುವ ಬದಲು, ಸತ್ತಂತೆ ಮಲಗಿಸುವ ಔಷಧವನ್ನು ಮಗುವಿನ ಕೈಗೆ ಕೊಟ್ಟರು. ಕೊನೆಗೆ ಕಾವಲಿನವರ ಸದ್ದು ಕೇಳಿದ್ದೇ ಜೂಲಿಯೆಟನ್ನು ಗೋರಿಯಲ್ಲಿ ಒಬ್ಬಳನ್ನೇ ಬಿಟ್ಟು ಹೊರಟುಬಿಟ್ಟರು.

ಈ ಕಥೆ ಕನ್ನಡಕ್ಕೆ ಬಹಳ ಹಿಂದೆಯೇ ಬಂದಿದೆ. 1889ರಲ್ಲಿ ಸಿ. ಆನಂದರಾಯರು ಇದನ್ನು ‘ರಾಮವರ್ಮ–ಲೀಲಾವತಿ’ ಎಂದು ರೂಪಾಂತರಿಸಿದರು. ಅದರಲ್ಲಿ ಪ್ರೇಮಿಗಳು ಸತ್ತು ಹೋಗುವುದಿಲ್ಲ. ಕೊನೆಯಲ್ಲಿ ಸಾಕ್ಷಾತ್ ವಿಷ್ಣುವೇ ಬಂದು ಬದುಕಿಸುತ್ತಾನೆ! ನಗಬೇಡಿ. ನಮ್ಮ ಆಟಗಳೂ ಮಂಗಳದಲ್ಲೇ ಮುಗಿಯುವುದಲ್ಲವೇ? ಇದೇ ಕಾರ್ಕಳ ತಾಲೂಕಿನ ನಂದಳಿಕೆಯ ಮುದ್ದಣ ಬರೆದ ಯಕ್ಷಗಾನ ಪ್ರಸಂಗದ ಹೆಸರೂ ‘ರತ್ನಾವತಿ ಕಲ್ಯಾಣ’. ರಾತ್ರಿಯಿಡೀ ಕೂತು ನೋಡಿದವರನ್ನು ಬೆಳಗಾಗುವಾಗ ಅಳಿಸಿ ಕಳುಹಿಸಲು ನಮ್ಮ ಹಿರಿಯರಿಗೆ ಮನಸ್ಸಿರಲಿಲ್ಲ.

ತರಗತಿಯಲ್ಲಿ ಇದನ್ನೂ ಹೇಳಿದೆ. ಮಕ್ಕಳಿಗೆಲ್ಲ ಖುಷಿಯಾಯಿತು. ಕಾಪುವಿನ ಹುಡುಗಿ ಮಾತ್ರ ಕೇಳಿದಳು: ‘ದೇವರೇ ಬಂದು ಸರಿ ಮಾಡುವುದಾದರೆ ದೊಡ್ಡವರಿಗೆ ಕೆಲಸವೇ ಇಲ್ಲವಲ್ಲ ಟೀಚರ್?’

ಸ್ಟಾಫ್‌ರೂಮಿನಲ್ಲಿ ಈ ಮಾತು ತೆಗೆದಾಗ ಸಹೋದ್ಯೋಗಿಯೊಬ್ಬರು ಒಪ್ಪಲಿಲ್ಲ. ‘ಹೇಳುವುದು ಸುಲಭ. ಮನೆಗೆ ಸುದ್ದಿ ಮುಟ್ಟಿದರೆ ನಾಳೆಯಿಂದ ಹುಡುಗಿ ಶಾಲೆಗೇ ಬರುವುದಿಲ್ಲ. ಎಸ್‌ಎಸ್‌ಎಲ್‌ಸಿ ಅಲ್ಲಿಗೇ ನಿಂತಿತು. ಮತ್ತೆ ಯಾವ ಮಗುವೂ ನಮ್ಮ ಹತ್ತಿರ ಬಾಯಿ ಬಿಡುವುದಿಲ್ಲ’ ಎಂದರು. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಸತ್ಯ ಹೇಳಿದ ಮಾತ್ರಕ್ಕೆ ಬದುಕು ನೆಟ್ಟಗಾಗುವುದಿದ್ದರೆ ಅಂಬೆಯ ಕಥೆ ಬೇರೆಯೇ ಆಗುತ್ತಿತ್ತು. ‘ಭೀಷ್ಮ ವಿಜಯ’ ಪ್ರಸಂಗ ನೋಡಿದವರಿಗೆ ಗೊತ್ತು. ತನ್ನ ಮನಸ್ಸು ಸಾಲ್ವನಲ್ಲಿದೆಯೆಂದು ಅವಳು ಬಚ್ಚಿಡದೆ ಹೇಳುತ್ತಾಳೆ. ಭೀಷ್ಮ ಕಳುಹಿಸಿಕೊಟ್ಟ, ಸಾಲ್ವ ಸೇರಿಸಲಿಲ್ಲ, ಹಿಂದೆ ಬಂದರೆ ಭೀಷ್ಮನೂ ಒಪ್ಪಲಿಲ್ಲ. ಅವಳ ಮಾತನ್ನು ಎಲ್ಲರೂ ಕೇಳಿದರು, ಅವಳ ಜೊತೆ ನಾಲ್ಕು ಹೆಜ್ಜೆ ಬಂದು ನಿಂತವರಿಲ್ಲ.

ಹಾಗಾಗಿ ‘ಹೇಳಬೇಕೋ ಬಾರದೋ’ ಎಂಬ ಪ್ರಶ್ನೆಯೇ ಸಾಲದೆಂದು ನನಗನಿಸುತ್ತದೆ. ಕೇಳಿಕೊಳ್ಳಬೇಕಾದದ್ದು, ಈ ಗುಟ್ಟು ಕಾಯುತ್ತಿರುವುದು ಯಾರನ್ನು ಎಂದು. ಮಗುವನ್ನೋ, ನನ್ನನ್ನೋ? ದಾದಿಗೆ ಕೆಲಸ ಹೋಗುವ ಭಯ ಇದ್ದಿರಬಹುದು. ಪಾದ್ರಿಗಳಿಗೆ ಮಾನದ ಭಯ. ಭಯ ತಮ್ಮದು, ಅದಕ್ಕೆ ಇಟ್ಟ ಹೆಸರು ಮಾತ್ರ ಪ್ರೀತಿ. ಇನ್ನು ಬೆನ್ನ ಹಿಂದೆ ಹೋಗಿ ಹೇಳಿಬರುವುದೂ ಬೇರೆ ಅಲ್ಲ, ಅದು ಚಾಡಿ. ಅಲ್ಲಿಯೂ ನಾವು ಕೈ ತೊಳೆದುಕೊಳ್ಳುತ್ತೇವೆ, ಹೊಡೆತ ತಿನ್ನುವವಳು ಹುಡುಗಿ. ಇವೆರಡೂ ಅಲ್ಲದ ದಾರಿಯೊಂದಿದೆ: ‘ನೀನೇ ಹೇಳು, ನಾನು ಪಕ್ಕದಲ್ಲಿ ಕೂತಿರುತ್ತೇನೆ’ ಎನ್ನುವುದು. ಅಪ್ಪನ ಮುಂದೆ ಆಗದಿದ್ದರೆ ಅಜ್ಜಿಯ ಮುಂದೆ, ಚಿಕ್ಕಮ್ಮನ ಮುಂದೆ. ಇದರಲ್ಲಿ ನಮಗೂ ನಾಲ್ಕು ಮಾತು ಬೀಳುತ್ತದೆ. ‘ಟೀಚರಿಗೆ ಇದೆಲ್ಲ ಯಾಕೆ’ ಎಂದು ಅನ್ನಿಸಿಕೊಳ್ಳಬೇಕಾಗುತ್ತದೆ. ಮಗುವಿನ ಕಷ್ಟದಲ್ಲಿ ನಮ್ಮ ಪಾಲೂ ಇದೆಯೆಂದು ತೋರಿಸಲು ಇದಕ್ಕಿಂತ ಬೇರೆ ದಾರಿ ನನಗೆ ಕಂಡಿಲ್ಲ.

ಈಗ ಕಾಲ ಬದಲಾಗಿದೆ ಎನ್ನುತ್ತೀರಿ. ನಿಜ. ನಾಟಕದಲ್ಲಿ ಪತ್ರ ಒಯ್ದವರನ್ನು ಪ್ಲೇಗಿನ ಶಂಕೆಯಿಂದ ಮನೆಯೊಂದರಲ್ಲಿ ಕೂಡಿಹಾಕಿದ್ದರಿಂದ ರೋಮಿಯೋನಿಗೆ ಸುದ್ದಿ ಮುಟ್ಟಲಿಲ್ಲ. ಇಂದು ಮಣಿಪಾಲದ ಹಾಸ್ಟೆಲಿನಿಂದ ಉಡುಪಿಯ ಮನೆಗೆ ಒಂದು ಗಳಿಗೆಯಲ್ಲಿ ಮೆಸೇಜು ಬರುತ್ತದೆ. ಕಾನೂನೂ ಬದಲಾಗಿದೆ, ಪ್ರಾಯಕ್ಕೆ ಬಂದ ಇಬ್ಬರು ಒಪ್ಪಿ ಮದುವೆಯಾಗುವುದಕ್ಕೆ ಮನೆಯವರ, ಸಮುದಾಯದವರ ಒಪ್ಪಿಗೆ ಬೇಕಾಗಿಲ್ಲವೆಂದು ಸುಪ್ರೀಂ ಕೋರ್ಟು 2018ರ ಮಾರ್ಚಿನಲ್ಲಿ ಸ್ಪಷ್ಟವಾಗಿ ಹೇಳಿದೆ. ಆದರೆ ಪ್ರಾಯಕ್ಕೆ ಬರುವ ಮೊದಲಿನ ಆ ನಾಲ್ಕು ವರ್ಷಗಳಿವೆಯಲ್ಲ, ಆಗ ಮಗು ಕೋರ್ಟಿಗೆ ಹೋಗುವುದಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಬಂದು ನಿಲ್ಲುತ್ತದೆ.

ನಾಟಕದಲ್ಲಿಯೂ ಜೂಲಿಯೆಟ್ ಔಷಧ ತರಲು ಹೋದದ್ದು ಆಮೇಲೆ. ಮೊದಲು ಹೋದದ್ದು ತಾಯಿಯ ಹತ್ತಿರ. ನಿಜ ಪೂರ್ತಿ ಹೇಳುವ ಧೈರ್ಯ ಅವಳಿಗೆ ಬರಲಿಲ್ಲ. ಈ ಮದುವೆಯನ್ನು ಒಂದು ತಿಂಗಳು, ಆಗದಿದ್ದರೆ ಒಂದು ವಾರವಾದರೂ ಮುಂದೆ ಹಾಕಮ್ಮ ಎಂದಷ್ಟೇ ಬೇಡಿಕೊಂಡಳು. ಯಾಕೆ ಎಂದು ತಾಯಿ ಕೇಳಲಿಲ್ಲ. ಮುಖ ತಿರುಗಿಸಿ ಹೊರಟುಹೋದಳು. ಎಲ್ಲ ಮುಗಿದ ಮೇಲೆ ಹೆಣಗಳ ಮುಂದೆ ಅಪ್ಪಂದಿರಿಬ್ಬರು ಕೈ ಕುಲುಕಿ, ಮಕ್ಕಳಿಗೆ ಬಂಗಾರದ ಪ್ರತಿಮೆ ಮಾಡಿಸುತ್ತೇವೆ ಎನ್ನುತ್ತಾರೆ. ಮಗು ಕೇಳಿದ್ದು ಒಂದು ವಾರ.