ನೋಟವೂ ಪ್ರಸಾದವಾಗಲಿ



ವೀರಶೈವ ಸಿದ್ಧಾಂತದಲ್ಲಿ ಕಣ್ಣಿಗೆ ವಿಶೇಷವಾದ ಸ್ಥಾನವಿರುವದು. ಮೂಗಿಗೆ ಗಂಧ, ನಾಲಗೆಗೆ ರುಚಿ ಇರುವಂತೆ ನೇತ್ರಕ್ಕೆ ರೂಪವೇ ವಿಷಯವು. ಗಂಧವನ್ನು ಆಚಾರಲಿಂಗಕ್ಕೂ ರುಚಿಯನ್ನು ಗುರುಲಿಂಗಕ್ಕೂ ಅರ್ಪಿಸುವಂತೆ, ಕಣ್ಣಿಗೆ ಬಿದ್ದ ರೂಪವನ್ನು ಶಿವಲಿಂಗಕ್ಕೆ ಅರ್ಪಿಸಿ ಪ್ರಸಾದವಾಗಿ ಸ್ವೀಕರಿಸಬೇಕೆಂಬದು ಷಟ್‌ಸ್ಥಲದ ಕ್ರಮವು. ಅನರ್ಪಿತವನ್ನು ಭಕ್ತನು ಭೋಗಿಸಲಾಗದು. ಊಟದಲ್ಲಿ ಈ ನೇಮವನ್ನು ನಾವೆಲ್ಲರೂ ಬಲ್ಲೆವು; ನೋಟದಲ್ಲಿ ಮಾತ್ರ ಅದನ್ನು ಮರೆತಿರುವೆವು.

ಈ ವಿಚಾರವನ್ನು ಇಂದು ಎತ್ತಿಕೊಳ್ಳಲು ಕಾರಣವುಂಟು. ತಿಕೋಟೆಯ ಕಡೆಯ ದ್ರಾಕ್ಷಿ ತೋಟದ ಭಕ್ತರೊಬ್ಬರು ಹೀಗೆ ಕೇಳಿದರು: “ಗುರುಗಳೇ, ಮಗನು ಜರ್ಮನಿಯಲ್ಲಿ ಓದಲಿಕ್ಕೆ ಹೋಗಿರುವನು. ಮರಳಿ ಬರುವದರೊಳಗೆ ನೋಡಲೇಬೇಕಾದ ಸ್ಥಳಗಳ ಯಾದಿಯೊಂದನ್ನು ಮಾಡಿಕೊಂಡಿರುವನು. ಇಪ್ಪತ್ತೈದರಲ್ಲಿ ಹದಿನೇಳು ಮುಗಿದವು, ಎಂಟು ಉಳಿದವು. ಅವನ್ನು ಮುಗಿಸದೆ ಬರಲಾರೆ, ಇನ್ನೆರಡು ತಿಂಗಳಿಗೆ ರೊಕ್ಕ ಕಳಿಸಿರಿ ಎನ್ನುತ್ತಾನೆ. ಸಾಲ ತೆಗೆದು ಓದಿಸಿರುವೆನು. ಬೇಡವೆಂದರೆ ಮಗನ ಮನಸ್ಸು ಮುರಿದೀತು, ಕೊಟ್ಟರೆ ಮನೆ ಮುರಿದೀತು. ಏನು ಮಾಡಲಿ?”

ಇದು ಒಂದು ಮನೆಯ ಪ್ರಶ್ನೆಯಲ್ಲ; ಆದುದರಿಂದ ಎಲ್ಲರೂ ಕೂಡಿ ವಿಚಾರಿಸೋಣ.

ಮೊದಲನೆಯದಾಗಿ, ದೇಶ ನೋಡುವದು ದೋಷವಲ್ಲ. ಅಕ್ಕಮಹಾದೇವಿಯು ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲಕ್ಕೆ ನಡೆದಳು. ಮೋಳಿಗೆಯ ಮಾರಯ್ಯನು ಕಾಶ್ಮೀರದಿಂದ ಬಂದನೆಂದು ಪರಂಪರೆಯು ಹೇಳುವದು. ಸಿದ್ಧರಾಮನು ಬಾಲ್ಯದಲ್ಲಿ ಮಲ್ಲಯ್ಯನನ್ನು ಅರಸುತ್ತ ಶ್ರೀಶೈಲಕ್ಕೆ ಹೋದನು. ಆದರೆ ಅಲ್ಲಿ ಕಂಡುದನ್ನು ಎದೆಯಲ್ಲಿಟ್ಟುಕೊಂಡು ಸೊನ್ನಲಿಗೆಗೆ ಮರಳಿ, ಕೆರೆಯನ್ನು ಕಟ್ಟಿಸಿ ಜನಕ್ಕೆ ನೀರಾದನು. ನಮಗೆ ಸಮೀಪದ ಕಾಲದಲ್ಲಿ, ಸವಣೂರಿನಲ್ಲಿ ಹುಟ್ಟಿದ ವಿನಾಯಕ ಕೃಷ್ಣ ಗೋಕಾಕರು 1936ರಲ್ಲಿ ಓದುವದಕ್ಕಾಗಿ ಆಕ್ಸ್‌ಫರ್ಡಿಗೆ ಹೋದರು. ಓದನ್ನೂ ಪ್ರಥಮ ವರ್ಗದಲ್ಲಿ ಮುಗಿಸಿದರು, ದೇಶವನ್ನೂ ನೋಡಿದರು. ಕಂಡುದನ್ನು ‘ಸಮುದ್ರದಾಚೆಯಿಂದ’ ಎಂಬ ಪ್ರವಾಸಗ್ರಂಥವಾಗಿ ಕನ್ನಡಿಗರಿಗೆ ಉಣಬಡಿಸಿದರು. ಹೋದವರು ಹೀಗೆ ಏನನ್ನಾದರೂ ಹೊತ್ತು ತಂದರೆ ಆ ಯಾತ್ರೆಯು ದಾಸೋಹವಾಗುವದು.

ಹಾಗಾದರೆ ದೋಷವೆಲ್ಲಿ? ನೋಟದಲ್ಲಿಲ್ಲ, ಯಾದಿಯಲ್ಲಿದೆ. ಜರ್ಮನಿಯ ಕೋಲೋನ್ ಪಟ್ಟಣದಲ್ಲಿ ಒಂದು ಮಹಾ ಚರ್ಚು ಇದೆ. ಅದರ ಅಡಿಗಲ್ಲು ಬಿದ್ದದ್ದು 1248ರಲ್ಲಿ, ಶಿಖರ ಮುಗಿದದ್ದು 1880ರಲ್ಲಿ. ನಡುವೆ ಸುಮಾರು ಮೂರು ಶತಮಾನ ಕೆಲಸವೇ ನಿಂತಿತ್ತು. ಬುನಾದಿಯ ಕಲ್ಲು ಕೆತ್ತಿದವನು ಶಿಖರವನ್ನು ಕಾಣಲಿಲ್ಲ. ಆದರೂ ಕಲ್ಲನ್ನು ಓರೆಯಾಗಿಡಲಿಲ್ಲ. ಅಂಥ 632 ವರ್ಷಗಳ ಕಾಯಕದ ಮುಂದೆ ನಮ್ಮ ಹುಡುಗನು ಅರ್ಧ ತಾಸು ನಿಂತು, ಬೆನ್ನು ತಿರುಗಿಸಿ ತನ್ನ ಫೋಟೋ ತೆಗೆದುಕೊಂಡು, ಯಾದಿಯಲ್ಲಿ ಗೀಟು ಎಳೆದು ಮುಂದಿನ ರೈಲು ಹತ್ತಿದರೆ ಅವನು ಕಂಡದ್ದೇನು?

ನಮ್ಮ ವಿಜಯಪುರದ ಗೋಳಗುಮ್ಮಟವನ್ನೇ ನೆನೆಯಿರಿ. 1656ರಲ್ಲಿ ಮುಗಿದ, ಮಹಮ್ಮದ ಆದಿಲಶಾಹನ ಆ ಸಮಾಧಿಯ ಗುಮ್ಮಟದ ಹೊರ ಅಳತೆಯು ಅಡ್ಡಲಾಗಿ ಸುಮಾರು 44 ಮೀಟರು. ಪರದೇಶದವರು ತಮ್ಮ ಯಾದಿ ಹಿಡಿದು ಅಲ್ಲಿಗೂ ಬರುವರು. ಮೇಲಿನ ಮೊಗಸಾಲೆಗೆ ಏರಿದವರು ಮಾಡುವದೇನು? ತಮ್ಮ ಹೆಸರನ್ನೇ ಕೂಗುವರು. ಗುಮ್ಮಟವು ಅದನ್ನೇ ಮತ್ತೆ ಮತ್ತೆ ಮರಳಿಸುವದು. ಕೇಳಿ ನಕ್ಕು ಇಳಿದು ಹೋಗುವರು. ಯಾದಿಗಾಗಿ ನೋಡುವವನ ಗತಿಯು ಎಲ್ಲೆಲ್ಲಿಯೂ ಇದೇ. ಊರೂರು ತಿರುಗಿದರೂ ಅವನಿಗೆ ಕೇಳುವದು ತನ್ನ ಹೆಸರೊಂದೇ.

ಲಂಡನ್ನಿನ ಥೇಮ್ಸ್ ನದಿಯ ದಂಡೆಯಲ್ಲಿ 2015ರ ನವೆಂಬರ 14ರಂದು ಅಣ್ಣ ಬಸವಣ್ಣನವರ ಮೂರ್ತಿಯು ಅನಾವರಣಗೊಂಡಿತು. ಅದು ನಮಗೆ ಹೆಮ್ಮೆಯೇ ಸರಿ. ಅದನ್ನು ಕಂಡು ನಮ್ಮ ಮಕ್ಕಳು ಅಲ್ಲಿ ನಿಲ್ಲುವರು. ಆದರೆ ಸ್ಥಾವರಕ್ಕಿಂತ ಜಂಗಮವನ್ನು ಹಿರಿದೆಂದವರ ಮೂರ್ತಿಯನ್ನೂ ಯಾದಿಯ ಒಂದು ಅಂಕೆಯಾಗಿ ಎಣಿಸಿದರೆ, ಅಲ್ಲಿ ಅಣ್ಣನವರ ದರ್ಶನವಾಗಲಿಲ್ಲ, ಕಂಚಿನ ದರ್ಶನವಾಯಿತು.

ಪ್ರಸಾದಕ್ಕೆ ಮೂರು ಲಕ್ಷಣಗಳುಂಟು. ಅದು ಸತ್ಯಶುದ್ಧ ಕಾಯಕದಿಂದ ಬಂದಿರಬೇಕು, ಉಣ್ಣುವಷ್ಟೇ ನೀಡಿಸಿಕೊಂಡು ಚೆಲ್ಲದೆ ಉಣ್ಣಬೇಕು, ಹಂಚಿ ಉಣ್ಣಬೇಕು. ಈ ಮೂರನ್ನೂ ನೋಟಕ್ಕೆ ಅನ್ವಯಿಸಿರಿ. ವಿದ್ಯಾರ್ಥಿಗೆ ಓದೇ ಕಾಯಕವು. ಅದು ಕುಂದದಂತೆ, ತಾನು ದುಡಿದ ರೊಕ್ಕದಿಂದ ನೋಡಲಿ. ಜರ್ಮನಿಯ ಕಾಯದೆಯು ಪರದೇಶದ ವಿದ್ಯಾರ್ಥಿಗೆ ವರ್ಷಕ್ಕೆ 140 ಪೂರ್ಣ ದಿನ ದುಡಿಯಲು ಅವಕಾಶ ಕೊಟ್ಟಿರುವದು. ತಂದೆಯ ಸಾಲದಿಂದ ಕೊಂಡ ನೋಟವು ಅನರ್ಪಿತವು. ಅದರ ಬಡ್ಡಿಯನ್ನು ಮತ್ತೊಬ್ಬರ ಬೆವರು ತೆರುವದು.

ಎರಡನೆಯದು, ಜೀರ್ಣವಾಗುವಷ್ಟೇ ನೋಡುವದು. ದ್ರಾಕ್ಷಿಯವರಿಗೆ ನಾನು ಹೇಳಬೇಕೇ? ನಾಲ್ಕು ಕಿಲೋ ಹಸಿ ಹಣ್ಣು ಜಾಳಿಗೆಯ ಮೇಲೆ ನೆರಳಲ್ಲಿ ಹದಿನೈದು ದಿನ ಒಣಗಿದರೆ ಒಂದು ಕಿಲೋ ಒಣದ್ರಾಕ್ಷಿ. ಅವಸರಕ್ಕೆ ಬಣ್ಣವೂ ಕೆಡುವದು, ಬೆಲೆಯೂ ಬೀಳುವದು. ಕಂಡ ನೋಟವೂ ಹಾಗೆಯೇ ಮನಸ್ಸಿನ ನೆರಳಲ್ಲಿ ಇಂಗಬೇಕು. ಅದಕ್ಕೆಂದೇ ನಮ್ಮ ಹಿರಿಯರು ಇಷ್ಟಲಿಂಗವನ್ನು ಕರಸ್ಥಲದಲ್ಲಿಟ್ಟು ಎವೆಯಿಕ್ಕದೆ ನೋಡುವ ಸಾಧನೆಯನ್ನು ಕೊಟ್ಟರು. ಅಂಗೈಯಗಲದ ಒಂದನ್ನು ನಿತ್ಯವೂ ನೋಡಲು ಕಲಿತ ಕಣ್ಣು ಲೋಕದ ಯಾವುದನ್ನಾದರೂ ನೋಡಬಲ್ಲದು. ಅದನ್ನು ಕಲಿಯದ ಕಣ್ಣಿಗೆ ಇಪ್ಪತ್ತೈದೂ ಸಾಲವು, ಐವತ್ತೂ ಸಾಲವು.

ಈಗ ಹಿರಿಯರಾದ ನಮಗೂ ಒಂದು ಮಾತು. ಆ ಯಾದಿಯನ್ನು ಬರೆದವನು ಮಗನೊಬ್ಬನೇ ಅಲ್ಲ. ಮೊಬೈಲಿನಲ್ಲಿ ಅವನ ಫೋಟೋಗಳನ್ನು ಬೀಗರಿಗೆ ತೋರಿಸಿ ಹಿಗ್ಗಿದವರು ನಾವು. ನೆರೆಮನೆಯ ಹುಡುಗ ಇಂಥಲ್ಲಿ ಹೋದ, ನೀನೇಕೆ ಹೋಗಲಿಲ್ಲ ಎಂದವರೂ ನಾವೇ. ಯಾದಿಯ ಅರ್ಧವು ನಮ್ಮ ಕೈಬರಹವು. ಆದುದರಿಂದ ಮಗನನ್ನು ಜರೆಯಬೇಡಿರಿ.

ಆ ಭಕ್ತರಿಗೆ ನನ್ನ ಬಿನ್ನಹವಿಷ್ಟೇ. ರೊಕ್ಕ ಕಳಿಸಬೇಡಿರಿ, ಕಾರಣವನ್ನು ಮುಚ್ಚಿಡಲೂ ಬೇಡಿರಿ. ತೋಟದ ಮೇಲಿನ ಸಾಲದ ಮೊತ್ತವನ್ನು ಮಗನಿಗೆ ತಿಳಿಸಿರಿ. ಇಪ್ಪತ್ತು ದಾಟಿದ ಮಗನಿಗೆ ಅದನ್ನು ಹೊರುವ ಹೆಗಲಿರುವದು. ಉಳಿದ ಎಂಟರಲ್ಲಿ ಒಂದನ್ನು ಅವನೇ ಆರಿಸಲಿ. ತನ್ನ ದುಡಿಮೆಯಿಂದ ಅಲ್ಲಿಗೆ ಹೋಗಿ, ಒಂದು ಹಗಲು ಪೂರ್ತಿ ಸುಮ್ಮನೆ ಕುಳಿತು ನೋಡಲಿ. ಉಳಿದ ಏಳನ್ನು ಬಿಟ್ಟು ಬರುವದು ಅವನ ವಿದ್ಯೆಯ ಕೊನೆಯ ಪಾಠವಾಗಲಿ.

ಈ ತಿಕೋಟೆ ಸೀಮೆಯ ಬಿಜ್ಜರಗಿಯಲ್ಲಿಯೇ ಹುಟ್ಟಿ, 2023ರ ಜನವರಿ 2ರಂದು ನಮ್ಮನ್ನಗಲಿದ ಸಿದ್ಧೇಶ್ವರ ಸ್ವಾಮಿಗಳವರು ಜೇಬಿಲ್ಲದ ಅಂಗಿಯನ್ನು ತೊಡುತ್ತಿದ್ದರು. ಊರೂರಿಗೆ ಹೋದರು, ಜನಕ್ಕೆ ನುಡಿಯನ್ನು ನೀಡಿದರು. ಇಟ್ಟುಕೊಳ್ಳಲು ಅವರಿಗೆ ಜೇಬೇ ಇರಲಿಲ್ಲ. ಮಗನು ಮರಳಿ ಬಂದಾಗ ಅವನನ್ನು ಮಠದ ಶಾಲೆಗೆ ಕರೆದುಕೊಂಡು ಬನ್ನಿರಿ. ಕಂಡ ಒಂದೇ ಒಂದು ಸ್ಥಳವನ್ನು, ಅದನ್ನು ಕಟ್ಟಿದ ಕೈಗಳನ್ನು, ಒಂದು ತಾಸು ನಮ್ಮ ಮಕ್ಕಳಿಗೆ ಬಣ್ಣಿಸಲಿ. ಆಗ ಅವನ ನೋಟವು ಪ್ರಸಾದವಾಗಿ ನೂರು ಮಕ್ಕಳಿಗೆ ಹಂಚಿಹೋಗುವದು.